ಹೂಳಿನ ಪದರಗಳಲ್ಲಿ ಹಳೆಯ ಕಾಲದ ಧೂಳನ್ನು ಗುರುತಿಸಲು ಕಣಗಾತ್ರವೊಂದೇ ಸಾಕೇ?

ಪದರಪುಟ:
ಎಲ್ಲರಿಗೂ ನಮಸ್ಕಾರ. ಒಣ ಪ್ರದೇಶವೊಂದರ ಅಂಚಿನಲ್ಲಿರುವ, ನೀರು ಹೊರಗೆ ಹರಿದುಹೋಗದ ಸರೋವರವೊಂದರ ತಳದಿಂದ ಕೊಳವೆಯಿಳಿಸಿ ತೆಗೆದ ಹೂಳಿನ ಉದ್ದನೆಯ ಮಾದರಿಯ, ಅಂದರೆ ಕೋರ್‌ನ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಕೋರ್‌ನ ಬಹುಪಾಲು ನುಣ್ಣನೆಯ ಬೂದುಬಣ್ಣದ ಜೇಡಿ. ನಡುವೆ ಒಂದೆಡೆ ಬಣ್ಣ ತಿಳಿಹಳದಿಗೆ ತಿರುಗುತ್ತದೆ. ಆ ಭಾಗವನ್ನು ಬೆರಳುಗಳ ನಡುವೆ ಉಜ್ಜಿದರೆ ಸಣ್ಣಗೆ ತರಿತರಿಯಾಗಿ ತಾಗುತ್ತದೆ. ಲೇಸರ್ ಕಣಮಾಪಕದಲ್ಲಿ ಜೇಡಿಯ ಭಾಗಕ್ಕೆ ಒಂದೇ ದಿಬ್ಬದ ರೇಖೆ ಬಂದರೆ, ಈ ಪದರಕ್ಕೆ ಎರಡು ದಿಬ್ಬಗಳು ಬರುತ್ತವೆ: ಒಂದು 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸುತ್ತಮುತ್ತ, ಇನ್ನೊಂದು 30ರಿಂದ 40 ಮೈಕ್ರಾನ್ ನಡುವೆ. ಅದೇ ಪದರದಲ್ಲಿ ಕಾಂತೀಯ ಗ್ರಾಹ್ಯತೆ, ಅಂದರೆ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ (ಮಣ್ಣು ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ), ಏರಿದೆ. ಎಕ್ಸ್-ಕಿರಣ ಹಾಯಿಸಿ ಮೂಲವಸ್ತುಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಸ್ಕ್ಯಾನರ್ ಟೈಟಾನಿಯಂ ಮತ್ತು ಜಿರ್ಕೋನಿಯಂ ಕೂಡ ಹೆಚ್ಚಿರುವುದನ್ನು ತೋರಿಸುತ್ತಿದೆ.

ಮೂರು ಅಳತೆಗಳೂ ಒಂದೇ ಕಡೆಗೆ ಬೆರಳು ಮಾಡುತ್ತಿರುವುದರಿಂದ ಇದನ್ನು ಧೂಳಿನ ಬಿರುಗಾಳಿಗಳು ಹೆಚ್ಚಾಗಿದ್ದ ಕಾಲದ ಪದರವೆಂದು ಬರೆಯಬಹುದೇ, ಅಥವಾ ಅಷ್ಟು ಹೇಳಲು ಇನ್ನೂ ಏನಾದರೂ ಬೇಕೇ ಎಂಬುದನ್ನು ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ರೇವೆ:
ಪದರಪುಟ ಅವರೇ, ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಇಟ್ಟಿದ್ದೀರಿ. ಕಣಗಾತ್ರದ ಬಗ್ಗೆ ನನಗೆ ತಿಳಿದಿರುವುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಗಾಳಿ ನೆಲದ ಮೇಲಿನ ಅತಿ ಸಣ್ಣ ಕಣಗಳನ್ನು ನೇರವಾಗಿ ಎತ್ತುವುದು ಕಷ್ಟ, ಏಕೆಂದರೆ ಅವು ಒಂದಕ್ಕೊಂದು ಬಲವಾಗಿ ಅಂಟಿಕೊಂಡಿರುತ್ತವೆ. ಮೊದಲು ಅಲುಗುವುದು ಸುಮಾರು 75ರಿಂದ 100 ಮೈಕ್ರಾನ್ ಗಾತ್ರದ ನಯವಾದ ಮರಳು. ಅದು ನೆಲದ ಮೇಲೆ ಕುಪ್ಪಳಿಸುತ್ತ ಹೋಗಿ ಮತ್ತೆ ಮತ್ತೆ ಅಪ್ಪಳಿಸಿದಾಗ ಅಂಟಿಕೊಂಡಿದ್ದ ರೇವೆ (ಮರಳಿಗಿಂತ ನುಣ್ಣನೆಯ, ಜೇಡಿಗಿಂತ ದಪ್ಪನೆಯ ಕಣಗಳು) ಮತ್ತು ಜೇಡಿ ಬಿಡಿಸಿಕೊಂಡು ಮೇಲೇಳುತ್ತವೆ. ಮರಳು ಹುಟ್ಟಿದ ಜಾಗದ ಸುತ್ತಲೇ ಉಳಿಯುತ್ತದೆ. ಸುಮಾರು 20 ಮೈಕ್ರಾನ್‌ಗಿಂತ ದಪ್ಪನೆಯ ರೇವೆ ಸಾಮಾನ್ಯವಾಗಿ ಹತ್ತಾರು ಅಥವಾ ಕೆಲವು ನೂರು ಕಿಲೋಮೀಟರ್‌ಗಳೊಳಗೆ ಕೆಳಗಿಳಿಯುತ್ತದೆ. ಅದಕ್ಕಿಂತ ನುಣ್ಣನೆಯದು ದಿನಗಟ್ಟಲೆ ಗಾಳಿಯಲ್ಲಿ ಉಳಿದು ಸಾಗರಗಳನ್ನೇ ದಾಟಬಲ್ಲದು. ಲೋಯೆಸ್ ಎಂಬ ಗಾಳಿಮಣ್ಣಿನ ಬಹುಪಾಲು ಕಣಗಳು 20ರಿಂದ 40 ಮೈಕ್ರಾನ್ ಸುತ್ತ ಇರುವುದಕ್ಕೂ, ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿರುವ ಧೂಳು ಸುಮಾರು 2 ಮೈಕ್ರಾನ್ ಇರುವುದಕ್ಕೂ ಇದೇ ಕಾರಣ.

ಒಂದು ದೊಡ್ಡ ಮೂಲದಿಂದ ಗಾಳಿಯ ದಿಕ್ಕಿನಲ್ಲಿ ದೂರ ಹೋದಂತೆ ಲೋಯೆಸ್ ತೆಳುವಾಗುತ್ತದೆ, ಅದರ ಕಣಗಳೂ ನುಣ್ಣಗಾಗುತ್ತವೆ. ಅಮೆರಿಕದ ಪಿಯೋರಿಯಾ ಲೋಯೆಸ್‌ನಲ್ಲಿ ಈ ಕ್ರಮ ಬರಿಗಣ್ಣಿಗೆ ಕಾಣುವಷ್ಟು ನಿಚ್ಚಳವಾಗಿದೆ. ನೆಬ್ರಾಸ್ಕಾದ ಬಿಗ್ನೆಲ್ ಹಿಲ್‌ನಲ್ಲಿ ಅದರ ದಪ್ಪ ಸುಮಾರು 48 ಮೀಟರ್. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿಯೂ ವಾಯವ್ಯದ ಮರುಭೂಮಿಗಳಿಂದ ಆಗ್ನೇಯಕ್ಕೆ ಬರುತ್ತ ಕಣಗಳು ಸಣ್ಣದಾಗುತ್ತವೆ. ಆ ಕಣಗಾತ್ರದ ಏರಿಳಿತ ಎಷ್ಟು ಸೂಕ್ಷ್ಮವಾದ ದಾಖಲೆ ಎಂಬುದನ್ನು ಪೋರ್ಟರ್ ಮತ್ತು ಆನ್ 1995ರಲ್ಲಿ ತೋರಿಸಿದರು. ಕಳೆದ ಹಿಮಯುಗದಲ್ಲಿ ಉತ್ತರ ಅಟ್ಲಾಂಟಿಕ್‌ಗೆ ಹಿಮಗಡ್ಡೆಗಳು ಕಳಚಿಬಿದ್ದ ಹೈನ್‌ರಿಚ್ ಘಟನೆಗಳಿಗೆ ಹೊಂದುವಂತೆ ಚೀನಾದ ಲೋಯೆಸ್‌ನಲ್ಲಿ ಕಣಗಳು ದಪ್ಪಗಾಗಿರುವ ಮಟ್ಟಗಳನ್ನು ಅವರು ಗುರುತಿಸಿದರು.

ಆದರೆ ಲೋಯೆಸ್ ಬೆಟ್ಟದ ಮೇಲೆ ಕೂತ ಮಣ್ಣಿಗೆ ಗಾಳಿಯ ಹೊರತು ಬೇರೆ ವಾಹಕ ಇರುವುದು ಅಪರೂಪ. ಸರೋವರದಲ್ಲಿ ಹಾಗಿಲ್ಲ. 30ರಿಂದ 40 ಮೈಕ್ರಾನ್ ರೇವೆಯನ್ನು ನೆರೆಯ ನೀರು ತರುತ್ತದೆ. ಸರೋವರದ ಮಟ್ಟ ಇಳಿದಾಗ ದಡವೇ ನಿಮ್ಮ ಕೋರ್ ಇದ್ದ ಜಾಗಕ್ಕೆ ಹತ್ತಿರವಾಗಿ, ಅಲೆಗಳು ಕೆದಕಿದ ರೇವೆ ಅಲ್ಲಿಗೆ ತಲುಪುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸರೋವರವಾಗಿದ್ದರೆ ಮಂಜಿನ ಮೇಲೆ ಹಾರಿಬಂದು ಕೂತ ಮರಳು ಬೇಸಿಗೆಯಲ್ಲಿ ತಳ ಸೇರುತ್ತದೆ. ಇವುಗಳಲ್ಲಿ ಎರಡನೆಯದು ನಿಮಗೆ ದೊಡ್ಡ ತೊಡಕು. ಬರಗಾಲದಲ್ಲಿ ಧೂಳೂ ಹೆಚ್ಚುತ್ತದೆ, ಸರೋವರವೂ ಬತ್ತುತ್ತದೆ; ಎರಡೂ ಒಂದೇ ಪದರದಲ್ಲಿ, ಒಂದೇ ಗಾತ್ರದ ಕಣಗಳಾಗಿ ದಾಖಲಾಗುತ್ತವೆ.

ಆದ್ದರಿಂದ ಮೊದಲು ಪದರದ ರಚನೆಯನ್ನು ನೋಡಿ. ತಳದಲ್ಲಿ ಚೂಪಾದ ಗೆರೆ, ಅದರ ಮೇಲೆ ದಪ್ಪ ಕಣಗಳಿಂದ ನುಣ್ಣನೆಯ ಕಣಗಳಿಗೆ ಕ್ರಮವಾಗಿ ಬದಲಾವಣೆ ಇದ್ದರೆ ಅದು ನೆರೆಯ ಅಥವಾ ದಡ ಕುಸಿತದ ಒಂದೇ ಘಟನೆ. ದಪ್ಪ ರೇವೆ ಜೇಡಿಯ ಉದ್ದಕ್ಕೂ ಚದುರಿಕೊಂಡಿದ್ದು, ಪದರದ ಕೆಳ ಮತ್ತು ಮೇಲಿನ ಗಡಿಗಳು ನಿಧಾನವಾಗಿ ಮಸುಕಾಗಿದ್ದರೆ ಧೂಳಿನ ವಾದಕ್ಕೆ ಬಲ ಬರುತ್ತದೆ. ಪದರದ ಎಲ್ಲಾ ಮಟ್ಟಗಳಲ್ಲೂ ಆ 30ರಿಂದ 40 ಮೈಕ್ರಾನ್ ದಿಬ್ಬ ಅದೇ ಜಾಗದಲ್ಲಿ ನಿಂತು ಎತ್ತರದಲ್ಲಿ ಮಾತ್ರ ಏರಿಳಿಯುತ್ತದೆಯೇ, ಅಥವಾ ಜಾಗವನ್ನೇ ಬದಲಾಯಿಸುತ್ತದೆಯೇ ಎಂಬುದನ್ನೂ ಗಮನಿಸಿ. ನನ್ನ ಅಭಿಪ್ರಾಯದಲ್ಲಿ ಮಧ್ಯಮ ಗಾತ್ರವೆಂಬ ಒಂದೇ ಸಂಖ್ಯೆಗಿಂತ ಈ ಮಾಹಿತಿಗೆ ಹತ್ತುಪಟ್ಟು ಬೆಲೆ ಇದೆ.

ಕಾಂತಸೂಜಿ:
ರೇವೆಯವರು ಹೇಳಿದ ಎಚ್ಚರಿಕೆ ಕಾಂತೀಯ ಗ್ರಾಹ್ಯತೆಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಏರಿದ ಗ್ರಾಹ್ಯತೆಯನ್ನು ಧೂಳಿಗೆ ಸಮವೆಂದು ಓದುವ ಮುನ್ನ, ಚೀನಾ ಮತ್ತು ಅಲಾಸ್ಕಾದ ದಾಖಲೆಗಳು ಒಂದಕ್ಕೊಂದು ತದ್ವಿರುದ್ಧವಾಗಿ ವರ್ತಿಸುವುದನ್ನು ನೆನಪಿಡಬೇಕು.

ಚೀನಾದ ಲುವೊಚುವಾನ್‌ನಲ್ಲಿ ಲೋಯೆಸ್ ಮತ್ತು ಪ್ರಾಚೀನ ಮಣ್ಣಿನ ಪದರಗಳು ಒಂದರ ಮೇಲೊಂದು ಸಾಲಾಗಿ ಬರುತ್ತವೆ. ಹೆಲ್ಲರ್ ಮತ್ತು ಲಿಯು 1982ರಲ್ಲಿ ಅಲ್ಲಿ ಭೂಕಾಂತದ ದಿಕ್ಕು ಬದಲಾದ ಗುರುತುಗಳನ್ನು ಹಿಡಿದು ಕಾಲವನ್ನು ನಿಗದಿಪಡಿಸಿದರು. ಇಂದಿನ ಕಾಲಮಾಪನದ ಪ್ರಕಾರ ಆ ಸಾಲಿನ ಬುಡ ಸುಮಾರು 26 ಲಕ್ಷ ವರ್ಷ ಹಳೆಯದು. ಅಲ್ಲಿ ಗ್ರಾಹ್ಯತೆ ಹೆಚ್ಚಿರುವುದು ಧೂಳು ಭರದಿಂದ ಸುರಿದ ಹಿಮಯುಗದ ಲೋಯೆಸ್‌ನಲ್ಲಿ ಅಲ್ಲ. ಮಳೆ ಹೆಚ್ಚಿ, ಧೂಳು ಕಡಿಮೆಯಾಗಿ, ನೆಲದ ಮೇಲೆ ಮಣ್ಣು ಹದಗೊಂಡ ಬೆಚ್ಚನೆಯ ಕಾಲದ ಪದರಗಳಲ್ಲಿ. ಮಣ್ಣು ರೂಪುಗೊಳ್ಳುವಾಗ ಅದರೊಳಗೇ ಹುಟ್ಟುವ ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹಮೈಟ್ ಎಂಬ ಕಬ್ಬಿಣದ ಖನಿಜಗಳ ಅತಿಸೂಕ್ಷ್ಮ ಕಣಗಳು ಅದಕ್ಕೆ ಕಾರಣ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತಲಿನ ಲೋಯೆಸ್‌ನಲ್ಲಿ ಸಂಗತಿ ಬೇರೆ. ಅಲ್ಲಿ ಜೋರು ಗಾಳಿ ಹೆಚ್ಚು ಭಾರದ ಮ್ಯಾಗ್ನೆಟೈಟ್ ಕಣಗಳನ್ನು ಹೊತ್ತು ತಂದ ಕಾಲದ ಲೋಯೆಸ್‌ನಲ್ಲಿಯೇ ಗ್ರಾಹ್ಯತೆ ಹೆಚ್ಚು, ಮಣ್ಣಿನ ಪದರಗಳಲ್ಲಿ ಕಡಿಮೆ. ಸೈಬೀರಿಯಾದ ಹಲವು ಕಡೆಯೂ ಹೀಗೆಯೇ. ಒಂದೇ ಉಪಕರಣ, ಒಂದೇ ಬಗೆಯ ಮಣ್ಣು, ಓದುವ ಅರ್ಥ ಮಾತ್ರ ತಲೆಕೆಳಗು.

ಎರಡನ್ನೂ ಬೇರ್ಪಡಿಸುವ ಸರಳ ಮಾರ್ಗವೆಂದರೆ ಗ್ರಾಹ್ಯತೆಯನ್ನು ಎರಡು ಆವರ್ತನಗಳಲ್ಲಿ ಅಳೆಯುವುದು. ಮಣ್ಣಿನೊಳಗೆ ಹುಟ್ಟಿದ ಅತಿಸೂಕ್ಷ್ಮ ಕಣಗಳಿದ್ದರೆ ಹೆಚ್ಚಿನ ಆವರ್ತನದಲ್ಲಿ ಅಳತೆ ಎದ್ದು ಕಾಣುವಷ್ಟು ಇಳಿಯುತ್ತದೆ. ಗಾಳಿ ತಂದ ದಪ್ಪನೆಯ ಮ್ಯಾಗ್ನೆಟೈಟ್ ಇದ್ದರೆ ಬಹುತೇಕ ಬದಲಾಗುವುದಿಲ್ಲ. ಇದರ ಜೊತೆಗೆ ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಖನಿಜದ ಪ್ರಮಾಣವನ್ನೂ ಅಂದಾಜು ಮಾಡಿ. ಒಣಪ್ರದೇಶದ ಕೆಂಪು ಧೂಳಿನಲ್ಲಿ ಹೆಮಟೈಟ್ ಹೆಚ್ಚು. ಅದನ್ನು ಪೂರ್ತಿ ಕಾಂತಗೊಳಿಸಲು ಮ್ಯಾಗ್ನೆಟೈಟ್‌ಗೆ ಬೇಕಾಗುವುದಕ್ಕಿಂತ ಬಹಳ ಬಲವಾದ ಕಾಂತಕ್ಷೇತ್ರ ಬೇಕಾಗುವುದರಿಂದ ಎರಡನ್ನೂ ಪ್ರಯೋಗಾಲಯದಲ್ಲಿ ಪ್ರತ್ಯೇಕಿಸಬಹುದು.

ಸರೋವರಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ನಿಮ್ಮ ಬೂದುಬಣ್ಣದ ಜೇಡಿ ಆಮ್ಲಜನಕವಿಲ್ಲದ ತಳದಲ್ಲಿ ಕೂತಿದ್ದಾಗಿರಬಹುದು. ಅಂಥ ಕಡೆ ಸೂಕ್ಷ್ಮ ಮ್ಯಾಗ್ನೆಟೈಟ್ ಕರಗಿಹೋಗುತ್ತದೆ. ಹಾಗಾದರೆ ಹಳದಿ ಪದರದಲ್ಲಿ ಗ್ರಾಹ್ಯತೆ ಏರಿದೆ ಎನ್ನುವುದಕ್ಕಿಂತ, ಅದರ ಮೇಲೂ ಕೆಳಗೂ ಕರಗಿ ಇಳಿದಿದೆ, ಆ ಒಂದು ಪದರದಲ್ಲಿ ಮಾತ್ರ ಉಳಿದಿದೆ ಎಂಬ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಬಣ್ಣವೇ ಹಳದಿಗೆ ತಿರುಗಿದೆ ಎಂದರೆ ಆಗ ತಳಕ್ಕೆ ಆಮ್ಲಜನಕ ಸಿಗುತ್ತಿತ್ತು, ಬಹುಶಃ ನೀರು ಆಳವಾಗಿರಲಿಲ್ಲ ಎಂಬ ಸೂಚನೆಯೂ ಅದರಲ್ಲಿದೆ. ಇದು ರೇವೆಯವರು ಹೇಳಿದ ದಡದ ಪ್ರಶ್ನೆಗೇ ನಮ್ಮನ್ನು ಮರಳಿ ತರುತ್ತದೆ.

ಪದರಪುಟ:
ಇಬ್ಬರಿಗೂ ಕೃತಜ್ಞತೆಗಳು. ಪದರದ ಕೆಳಗಡಿ ಮಸುಕಾಗಿಯೇ ಇದೆ, ಒಳಗೆ ಕ್ರಮವಾದ ಇಳಿಕೆ ಕಾಣುವುದಿಲ್ಲ. ಎರಡು ಆವರ್ತನದ ಅಳತೆಯನ್ನು ಮಾಡಿಸುತ್ತೇನೆ. ಆದರೆ ಟೈಟಾನಿಯಂ ವಿಷಯದಲ್ಲಿ ನನಗೆ ಹೆಚ್ಚು ಧೈರ್ಯವಿತ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಜೀವಿಗಳಿಂದ ಉತ್ಪತ್ತಿಯಾಗುವುದಿಲ್ಲ, ನೆಲದಿಂದಲೇ ಬರಬೇಕು. ಜಿರ್ಕೋನಿಯಂ ಮತ್ತು ರುಬಿಡಿಯಂ ಅನುಪಾತವೂ ಏರಿದೆ. ಇವೆರಡನ್ನೂ ಧೂಳಿನ ಗುರುತೆಂದು ಹಿಡಿಯುವುದರಲ್ಲಿ ತೊಂದರೆ ಏನು?

ಮೂಲಶೋಧ:
ನೆಲದಿಂದ ಬಂದಿದೆ ಎಂಬುದು ನಿಜ, ಆದರೆ ಯಾವ ನೆಲದಿಂದ, ಯಾವ ದಾರಿಯಲ್ಲಿ ಎಂಬುದನ್ನು ಟೈಟಾನಿಯಂ ಹೇಳುವುದಿಲ್ಲ. ಜಿರ್ಕೋನಿಯಂ ಇರುವುದು ಭಾರವಾದ ಜಿರ್ಕಾನ್ ಹರಳುಗಳಲ್ಲಿ, ರುಬಿಡಿಯಂ ಇರುವುದು ಅಭ್ರಕ ಮತ್ತು ಜೇಡಿಯಲ್ಲಿ. ಹಾಗಾಗಿ ಆ ಅನುಪಾತವೂ ಮೂಲತಃ ಕಣಗಾತ್ರವನ್ನೇ ಬೇರೆ ರೂಪದಲ್ಲಿ ತಿಳಿಸುತ್ತದೆ. ನಿಮ್ಮ ಮೂರು ಸಾಕ್ಷ್ಯಗಳಲ್ಲಿ ಎರಡು ಒಂದೇ ಸಂಗತಿಯನ್ನು ಎರಡು ಸಲ ಹೇಳುತ್ತಿರಬಹುದು ಎಂಬುದು ನನ್ನ ಚಿಂತೆ.

ಟೈಟಾನಿಯಂ ಬಗ್ಗೆ ನಡೆದ ಒಂದು ವಿವಾದ ನಿಮಗೆ ತುಂಬಾ ಉಪಯುಕ್ತ. ದಕ್ಷಿಣ ಚೀನಾದ ಹುಗುವಾಂಗ್‌ಯಾನ್ ಜ್ವಾಲಾಮುಖಿ ಕುಂಡದ ಸರೋವರದಲ್ಲಿ ಟೈಟಾನಿಯಂ ಏರಿಳಿತವನ್ನು ಚಳಿಗಾಲದ ಮಾನ್ಸೂನ್ ಗಾಳಿ ಉತ್ತರದಿಂದ ತಂದ ಧೂಳೆಂದು ವ್ಯಾಖ್ಯಾನಿಸಿದ ಸಂಶೋಧನೆ 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಬೇರೆ ಸಂಶೋಧಕರು ಒಪ್ಪಲಿಲ್ಲ. ಸರೋವರದ ಸುತ್ತಲಿನ ಜ್ವಾಲಾಮುಖಿ ಶಿಲೆಯಲ್ಲೇ ಟೈಟಾನಿಯಂ ಧಾರಾಳವಾಗಿದೆ, ಮಳೆನೀರು ಕೊಚ್ಚಿ ತಂದರೂ ಅದೇ ಸಂಕೇತ ಬರುತ್ತದೆ ಎಂಬುದು ಅವರ ಆಕ್ಷೇಪ. ಒಂದೇ ರೇಖೆಯನ್ನು ಒಬ್ಬರು ಒಣಗಾಳಿಯೆಂದೂ ಇನ್ನೊಬ್ಬರು ಮಳೆಯೆಂದೂ ಓದಿದರು ಎಂದರೆ ಆಯ್ಕೆಯ ಗಂಭೀರತೆ ಅರ್ಥವಾಗುತ್ತದೆ. ಸುತ್ತಲಿನ ಶಿಲೆಯಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತುವನ್ನು ಹುಡುಕುವುದೇ ಇದರಿಂದ ಪಾರಾಗುವ ಉತ್ತಮ ಉಪಾಯ.

ಅದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಹವಾಯಿ ದ್ವೀಪಗಳದು. ಅವು ಸಾಗರದ ನಡುವೆ ಎದ್ದ ಬಸಾಲ್ಟ್ ದ್ವೀಪಗಳು. ಲಾವಾ ಗಟ್ಟಿಯಾಗಿ ಆದ ಆ ಬಸಾಲ್ಟ್‌ನಲ್ಲಿ ಕ್ವಾರ್ಟ್ಸ್, ಅಂದರೆ ಬೆಣಚು, ಇಲ್ಲವೆನ್ನಬಹುದು. ಆದರೂ ಅಲ್ಲಿನ ಹಳೆಯ ಮಣ್ಣಿನ ಮೇಲ್ಪದರದಲ್ಲಿ ನುಣ್ಣನೆಯ ಕ್ವಾರ್ಟ್ಸ್ ಸಿಗುತ್ತದೆ, ಮಳೆ ಹೆಚ್ಚು ಬೀಳುವ ಕಡೆ ಇನ್ನೂ ಹೆಚ್ಚು ಸಿಗುತ್ತದೆ. ಅದರ ಆಮ್ಲಜನಕದ ಐಸೊಟೋಪ್ (ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳು) ಅನುಪಾತವನ್ನು ಅಳೆದಾಗ ಅದು ಏಷ್ಯಾದಿಂದ ಹಾರಿಬಂದು ಮಳೆಯೊಂದಿಗೆ ಇಳಿದ ಧೂಳಿಗೆ ಹೊಂದಿತು. ನಿಮ್ಮ ಸರೋವರದ ಜಲಾನಯನದ ಶಿಲೆ ಯಾವುದು ಎಂಬುದನ್ನು ನೀವು ಹೇಳಲಿಲ್ಲ. ಅದು ಸುಣ್ಣಕಲ್ಲು ಅಥವಾ ಬಸಾಲ್ಟ್ ಆಗಿದ್ದರೆ ಕ್ವಾರ್ಟ್ಸ್ ಎಣಿಕೆಯೇ ನಿಮಗೆ ಬಲವಾದ ಆಧಾರವಾದೀತು. ಗ್ರಾನೈಟ್ ಆಗಿದ್ದರೆ ಅದು ಪ್ರಯೋಜನಕ್ಕೆ ಬಾರದು.

ಸ್ಟ್ರಾಂಷಿಯಂ ಮತ್ತು ನಿಯೋಡಿಮಿಯಂ ಐಸೊಟೋಪ್‌ಗಳು ಮುಂದಿನ ಹೆಜ್ಜೆ. ಹಿಮಯುಗದಲ್ಲಿ ಅಂಟಾರ್ಕ್ಟಿಕಾಕ್ಕೆ ಬಿದ್ದ ಧೂಳಿನ ಬಹುಪಾಲು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ್ದೆಂದೂ, ಗ್ರೀನ್‌ಲ್ಯಾಂಡ್‌ಗೆ ಬಿದ್ದದ್ದು ಮುಖ್ಯವಾಗಿ ಪೂರ್ವ ಏಷ್ಯಾದ ಒಣಪ್ರದೇಶಗಳದ್ದೆಂದೂ ಗುರುತಿಸಿದ್ದು ಇವುಗಳ ಮೂಲಕವೇ. ಇಲ್ಲಿ ಒಂದು ಎಚ್ಚರಿಕೆ ಬೇಕು: ಸ್ಟ್ರಾಂಷಿಯಂ ಅನುಪಾತ ಕಣಗಾತ್ರದೊಂದಿಗೂ ಶಿಲೆಯ ಸವೆತದೊಂದಿಗೂ ಬದಲಾಗುತ್ತದೆ, ನಿಯೋಡಿಮಿಯಂ ಅಷ್ಟಾಗಿ ಬದಲಾಗುವುದಿಲ್ಲ. ಮೂಲದ ಮಣ್ಣನ್ನೂ ಕೋರ್‌ನ ಮಣ್ಣನ್ನೂ ಒಂದೇ ಗಾತ್ರದ ವರ್ಗಕ್ಕೆ ಬೇರ್ಪಡಿಸಿದ ನಂತರವೇ ಹೋಲಿಸಬೇಕು.

ಜೀವಿಗಳ ಅವಶೇಷಗಳನ್ನೂ ಮರೆಯಬೇಡಿ. ಬೀಗಲ್ ಹಡಗಿನ ಮೇಲೆ ಅಟ್ಲಾಂಟಿಕ್‌ನಲ್ಲಿ ಬಿದ್ದ ನಯವಾದ ಧೂಳಿನ ಬಗ್ಗೆ ಡಾರ್ವಿನ್ 1846ರಲ್ಲಿ ಬರೆದ ಲೇಖನದಲ್ಲಿ, ಜರ್ಮನಿಯ ಸೂಕ್ಷ್ಮಜೀವಿ ತಜ್ಞ ಎರೆನ್‌ಬರ್ಗ್ ಅದೇ ಧೂಳಿನಲ್ಲಿ ಸಿಹಿನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನೂ ಹುಲ್ಲಿನ ಸಿಲಿಕಾ ಚೂರುಗಳನ್ನೂ ಕಂಡ ವಿವರವಿದೆ. ಅಟ್ಲಾಂಟಿಕ್‌ನ ಆಳದ ಗಸಿಯಲ್ಲಿಯೂ ಆಫ್ರಿಕಾದ ಬತ್ತಿದ ಸರೋವರಗಳಿಂದ ಹಾರಿಬಂದ ಸಿಹಿನೀರಿನ ಡಯಾಟಮ್‌ಗಳು (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಗಳು) ಸಿಗುತ್ತವೆ. ಸಮುದ್ರದ ತಳದಲ್ಲಿ ಸಿಹಿನೀರಿನ ಡಯಾಟಮ್ ಸಿಕ್ಕರೆ, ಅದೂ ನದೀಮುಖಗಳಿಂದ ದೂರದಲ್ಲಿ, ಅದು ಗಾಳಿಯ ಕೆಲಸವೆಂದು ಹೇಳಲು ಹೆಚ್ಚಿನ ವಾದ ಬೇಕಾಗುವುದಿಲ್ಲ.

ಗಾಳಿಪಥ:
ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ಧೂಳೆಂದು ಒಮ್ಮೆ ಖಚಿತವಾದ ಮೇಲೆ, ಕಣಗಳು ದಪ್ಪವಾಗಿದ್ದರೆ ಗಾಳಿ ಜೋರಾಗಿತ್ತು ಎಂದು ಹೇಳುವುದರಲ್ಲಿ ತಪ್ಪಿಲ್ಲವಲ್ಲವೇ? ಅರಬ್ಬೀ ಸಮುದ್ರದ ಗಸಿಯಲ್ಲಿ ಕ್ಲೆಮೆನ್ಸ್ ಮತ್ತು ಪ್ರೆಲ್ 1990ರಲ್ಲಿ ಮಾಡಿದ್ದು ಅದನ್ನೇ: ಧೂಳಿನ ಪ್ರಮಾಣ ಮೂಲಪ್ರದೇಶದ ಶುಷ್ಕತೆಯನ್ನು, ಕಣಗಾತ್ರ ಬೇಸಿಗೆ ಮಾನ್ಸೂನ್ ಗಾಳಿಯ ಬಲವನ್ನು ತಿಳಿಸುತ್ತದೆ ಎಂದು ಅವರು ಎರಡನ್ನೂ ಬೇರೆಬೇರೆಯಾಗಿ ಓದಿದರು.

ರೇವೆ:
ಪ್ರಮಾಣ ಮತ್ತು ಗಾತ್ರ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಎಂಬ ಅವರ ದೃಷ್ಟಿ ಅತ್ಯಂತ ಬೆಲೆಯುಳ್ಳದ್ದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೂಲದ ದೂರ ಬದಲಾಗದ ಕಡೆ ಗಾತ್ರದಿಂದ ಗಾಳಿಯ ಬಲವನ್ನು ಊಹಿಸಬಹುದು. ಆದರೆ ಮರುಭೂಮಿಯ ಅಂಚೇ ಮುಂದೆ ಬಂದರೆ ಗಾಳಿ ಇದ್ದ ಹಾಗೆಯೇ ಇದ್ದು ಕಣಗಳು ದಪ್ಪಗಾಗುತ್ತವೆ. ಚೀನಾದ ಲೋಯೆಸ್‌ನಲ್ಲಿ ಮರಳಿನ ಪಾಲು ಹೆಚ್ಚಿರುವ ಮಟ್ಟಗಳನ್ನು ಗಾಳಿಯ ಬಲಕ್ಕಿಂತ ಮರುಭೂಮಿಯ ಗಡಿ ಮುಂದುವರಿದ ಗುರುತಾಗಿ ಓದಿದವರಿದ್ದಾರೆ, ನನಗೆ ಅದು ಹೆಚ್ಚು ಒಪ್ಪಿಗೆಯಾಗುತ್ತದೆ. ಬತ್ತುತ್ತಿರುವ ಸರೋವರದ ವಿಷಯದಲ್ಲಂತೂ ಹೊಸದಾಗಿ ತೆರೆದ ತಳವೇ ಧೂಳಿನ ಮೂಲವಾಗುವುದರಿಂದ ದೂರ ಶೂನ್ಯಕ್ಕೆ ಹತ್ತಿರವಾಗುತ್ತದೆ.

ಇನ್ನೊಂದು ಕಡೆ, ದೂರಕ್ಕೂ ಗಾತ್ರಕ್ಕೂ ನಾವು ಕಟ್ಟಿರುವ ಗಂಟು ಅಷ್ಟು ಬಿಗಿಯಲ್ಲ ಎನ್ನುವ ಅವಲೋಕನಗಳಿವೆ. ಏಷ್ಯಾದ ಮೂಲದಿಂದ 10,000 ಕಿಲೋಮೀಟರ್‌ಗೂ ದೂರದ ಪೆಸಿಫಿಕ್‌ನಲ್ಲಿ 75 ಮೈಕ್ರಾನ್‌ಗಿಂತ ದೊಡ್ಡ ಖನಿಜ ಕಣಗಳು ಸಿಕ್ಕ ವರದಿ 1988ರಲ್ಲಿ ಪ್ರಕಟವಾಯಿತು. ಅಟ್ಲಾಂಟಿಕ್‌ನಲ್ಲಿ ಆಫ್ರಿಕಾದ ಕರಾವಳಿಯಿಂದ ಸಾವಿರಾರು ಕಿಲೋಮೀಟರ್ ಆಚೆ ನೀರಿನ ಮೇಲೆ ಇರಿಸಿದ ತೇಲುಗಳ ಧೂಳು ಸಂಗ್ರಾಹಕಗಳಲ್ಲಿ 450 ಮೈಕ್ರಾನ್‌ವರೆಗಿನ ಕ್ವಾರ್ಟ್ಸ್ ಕಣಗಳು ಸಿಕ್ಕಿದ್ದನ್ನು 2018ರಲ್ಲಿ ವಿವರಿಸಲಾಯಿತು. ಇಂಥ ಕಣಗಳು ಒಟ್ಟು ಧೂಳಿನಲ್ಲಿ ಅಲ್ಪಪಾಲು. ಹಾಗಾಗಿ ಕೆಲವು ದಪ್ಪ ಕಣಗಳನ್ನು ಕಂಡ ಮಾತ್ರಕ್ಕೆ ಗಾಳಿಯ ಸಾಧ್ಯತೆಯನ್ನು ತಳ್ಳಿಹಾಕಬಾರದು, ಬಿರುಗಾಳಿಯೆಂದೂ ನಿರ್ಧರಿಸಬಾರದು.

ಮಿಶ್ರ ರೇಖೆಗಳನ್ನು ಬಿಡಿಸುವುದಕ್ಕೆ ಎಂಡ್-ಮೆಂಬರ್ ಮಾಡೆಲಿಂಗ್ ಎಂಬ ಗಣಿತದ ವಿಧಾನವಿದೆ. ನೈಋತ್ಯ ಆಫ್ರಿಕಾದ ಆಚೆ ವಾಲ್ವಿಸ್ ದಿಬ್ಬದ ಮೇಲಿನ ಕೋರ್‌ನಲ್ಲಿ ಕಳೆದ 3 ಲಕ್ಷ ವರ್ಷಗಳ ಗಸಿಯನ್ನು ಅದು ದಪ್ಪ ಧೂಳು, ನಯ ಧೂಳು, ನೀರು ತಂದ ಕೆಸರು ಎಂದು ಮೂರಾಗಿ ವಿಂಗಡಿಸಿತು. ಎರಡು ಧೂಳುಗಳ ಅನುಪಾತ ಗಾಳಿಯ ಬಲಕ್ಕೆ, ಧೂಳು ಮತ್ತು ಕೆಸರಿನ ಅನುಪಾತ ಶುಷ್ಕತೆಗೆ ಸೂಚಕವಾಯಿತು. ಗಣಿತ ಕೊಡುವುದು ವರ್ಗಗಳನ್ನು ಮಾತ್ರ, ಅವುಗಳಿಗೆ ಹೆಸರಿಡುವ ಹೊಣೆ ನಮ್ಮದು. ಸ್ಥಳದ ಇಂದಿನ ಧೂಳಿನ ಮಾದರಿ ಕೈಯಲ್ಲಿಲ್ಲದೆ ಯಾವ ವರ್ಗಕ್ಕೂ ಧೂಳೆಂಬ ಹೆಸರಿಡುವುದನ್ನು ನಾನು ಒಪ್ಪಲಾರೆ.

ಆಳಗಡಲು:
ಇಷ್ಟು ಹೊತ್ತು ಗುರುತಿಸುವ ಬಗ್ಗೆ ಮಾತಾಯಿತು, ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ. ಪದರಪುಟ ಅವರೇ, ನೀವು ಹೇಳಿದ ಎಲ್ಲವೂ ಶೇಕಡಾವಾರು ಅಥವಾ ಅನುಪಾತ. ಶೇಕಡಾವಾರಿನಲ್ಲಿ ಒಂದು ಘಟಕ ಏರಬೇಕಾದರೆ ಅದೇ ಹೆಚ್ಚಾಗಬೇಕೆಂದಿಲ್ಲ, ಉಳಿದದ್ದು ಕಡಿಮೆಯಾದರೂ ಸಾಕು. ಸರೋವರದಲ್ಲಿ ಸುಣ್ಣದ ಹರಳುಗಳೋ ಡಯಾಟಮ್‌ಗಳೋ ಕಡಿಮೆಯಾದ ಕಾಲದಲ್ಲಿ ಧೂಳು ಎಂದಿನಷ್ಟೇ ಬೀಳುತ್ತಿದ್ದರೂ ಅದರ ಶೇಕಡಾ ಪಾಲು ಏರುತ್ತದೆ. ಕೇಳಬೇಕಾದ ಪ್ರಶ್ನೆ ಒಂದು ಚದರ ಸೆಂಟಿಮೀಟರ್‌ಗೆ ವರ್ಷವೊಂದರಲ್ಲಿ ಎಷ್ಟು ಧೂಳು ಬಿತ್ತು ಎಂಬುದು. ಅದಕ್ಕೆ ಹೂಳು ಕೂತ ವೇಗ, ಒಣಗಿದ ಹೂಳಿನ ಸಾಂದ್ರತೆ, ಅದರಲ್ಲಿ ಧೂಳಿನ ಪಾಲು, ಈ ಮೂರನ್ನೂ ಗುಣಿಸಬೇಕು.

ಸಮುದ್ರದಲ್ಲಿ ಇದಕ್ಕೆ ಒಂದು ಸುಂದರವಾದ ಸಹಾಯವಿದೆ. ನೀರಿನಲ್ಲಿ ಕರಗಿರುವ ಯುರೇನಿಯಂ ಕ್ಷಯಿಸಿ ಥೋರಿಯಂ-230 ಹುಟ್ಟುತ್ತದೆ. ಯುರೇನಿಯಂ ಎಲ್ಲಾ ಸಾಗರಗಳಲ್ಲೂ ಸಮನಾಗಿ ಹರಡಿರುವುದರಿಂದ ಹುಟ್ಟುವ ಥೋರಿಯಂನ ದರ ನೀರಿನ ಆಳದಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಥೋರಿಯಂ ಕರಗಿ ಉಳಿಯದೆ ಕಣಗಳಿಗೆ ಅಂಟಿ ಬೇಗನೆ ತಳಕ್ಕೆ ಇಳಿಯುತ್ತದೆ. ಗಸಿಯಲ್ಲಿ ಅದರ ಸಾಂದ್ರತೆ ಕಡಿಮೆ ಇದ್ದರೆ ಹೆಚ್ಚು ಗಸಿ ಬಿದ್ದು ಅದನ್ನು ತೆಳುಗೊಳಿಸಿದೆ ಎಂದರ್ಥ. ಅದರ ಅರ್ಧಾಯುಷ್ಯ ಸುಮಾರು 75,000 ವರ್ಷ. ಆದ್ದರಿಂದ ಕೆಲವು ಲಕ್ಷ ವರ್ಷಗಳವರೆಗೆ ಈ ವಿಧಾನ ನಡೆಯುತ್ತದೆ. ತಳದ ಪ್ರವಾಹಗಳು ಪಕ್ಕದಿಂದ ಗಸಿಯನ್ನು ತಂದು ಗುಡ್ಡೆಹಾಕಿದ್ದರೂ ಇದು ಅದನ್ನು ಸರಿಪಡಿಸುತ್ತದೆ. ಅದೇ ಮೂಲವಸ್ತುವಿನ ಇನ್ನೊಂದು ರೂಪವಾದ ಥೋರಿಯಂ-232 ಬಹುಪಾಲು ನೆಲದ ಮಣ್ಣಿನಿಂದಲೇ ಬರುವುದರಿಂದ, ತೆರೆದ ಸಾಗರದಲ್ಲಿ ಅದು ಧೂಳಿನ ಅಳತೆಯಾಗುತ್ತದೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಸಹಾರಾದ ಉದಾಹರಣೆ ಇದೆ. ಮಾರಿಟಾನಿಯಾದ ಆಚೆಗಿನ 658ಸಿ ಎಂಬ ಕೋರ್‌ನಲ್ಲಿ ನೆಲದ ವಸ್ತುವಿನ ಶೇಕಡಾವಾರು ಸುಮಾರು 5,500 ವರ್ಷಗಳ ಹಿಂದೆ ಥಟ್ಟನೆ ಏರಿದ್ದನ್ನು ಡಿಮೆನೊಕಲ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿ, ಸಹಾರಾ ಹಸಿರಾಗಿದ್ದ ಕಾಲ ಮುಗಿದ ಗುರುತೆಂದರು. ಆದರೆ ಅದು ಆಳದ ನೀರು ಮೇಲೇಳುವ ಕರಾವಳಿ. ಅಲ್ಲಿ ಸುಣ್ಣದ ಮತ್ತು ಸಿಲಿಕಾದ ಚಿಪ್ಪುಗಳು ಎಷ್ಟು ಬೀಳುತ್ತವೆ ಎಂಬುದು ಬದಲಾದರೂ ಶೇಕಡಾವಾರು ಬದಲಾಗುತ್ತದೆ. ಮುಂದೆ ಥೋರಿಯಂ ವಿಧಾನದಿಂದ ನಿಜವಾದ ದರಗಳನ್ನು ಲೆಕ್ಕಹಾಕಿದ ಮೇಲೆಯೇ ಹಸಿರು ಕಾಲದಲ್ಲಿ ಧೂಳು ವಾಸ್ತವವಾಗಿ ಕಡಿಮೆಯಿತ್ತೆಂಬ ಮಾತು ಗಟ್ಟಿಯಾಯಿತು. ಅಂಟಾರ್ಕ್ಟಿಕಾದ ಡೋಮ್ ಸಿ ಹಿಮಕೋರ್‌ನ 8 ಲಕ್ಷ ವರ್ಷಗಳ ದಾಖಲೆ ನಮಗೆ ಅಷ್ಟು ನಂಬಿಕೆ ಕೊಡುವುದೂ ಅದು ದರದ ಲೆಕ್ಕವಾಗಿರುವುದರಿಂದ. ಹಿಮಯುಗಗಳಲ್ಲಿ ಅಲ್ಲಿ ಬಿದ್ದ ಧೂಳು ಬೆಚ್ಚನೆಯ ಕಾಲಕ್ಕಿಂತ ಸುಮಾರು 25 ಪಟ್ಟು ಹೆಚ್ಚು.

ಕಾಂತಸೂಜಿ:
ಆಳಗಡಲು ಅವರ ಮಾತಿಗೆ ಕಾಲನಿರ್ಣಯದ ಬಗ್ಗೆ ಒಂದು ಸೇರ್ಪಡೆ. ಎರಡು ವಯಸ್ಸುಗಳ ನಡುವೆ ನೇರ ಗೆರೆ ಎಳೆದು ಹೂಳಿನ ವೇಗ ಲೆಕ್ಕಹಾಕಿದರೆ, ದರ ಬದಲಾಗುವುದು ನೀವು ವಯಸ್ಸು ಅಳೆದ ಮಟ್ಟಗಳಲ್ಲಿ ಮಾತ್ರ. ಧೂಳಿನ ಏರಿಕೆ ಸರಿಯಾಗಿ ಅಂಥ ಒಂದು ಮಟ್ಟದಲ್ಲೇ ಶುರುವಾದರೆ ಅನುಮಾನ ಪಡಿ. ಸುಣ್ಣಕಲ್ಲಿನ ಪ್ರದೇಶದ ಸರೋವರದಲ್ಲಿ ನೀರಿನಲ್ಲಿ ಕರಗಿದ ಹಳೆಯ ಇಂಗಾಲ ರೇಡಿಯೋಕಾರ್ಬನ್ ವಯಸ್ಸನ್ನು ಹೆಚ್ಚಿಸಿ ತೋರಿಸುತ್ತದೆ. ದಡದ ಗಿಡಗಳ ಎಲೆ, ಬೀಜ ಸಿಕ್ಕರೆ ಅವನ್ನೇ ಬಳಸಿ. ಲೋಯೆಸ್‌ನಲ್ಲಾದರೆ ಕ್ವಾರ್ಟ್ಸ್ ಕಣ ಕೊನೆಯ ಬಾರಿ ಬಿಸಿಲು ಕಂಡ ಕಾಲವನ್ನು ಪ್ರಕಾಶೋತ್ತೇಜಿತ ದೀಪ್ತಿಯ ವಿಧಾನ ನೇರವಾಗಿ ಹೇಳುತ್ತದೆ. ಗಾಳಿಯಲ್ಲಿ ಹಾರುವಾಗ ಕಣ ಬಿಸಿಲಿಗೆ ಚೆನ್ನಾಗಿ ಒಡ್ಡಿಕೊಳ್ಳುವುದರಿಂದ ಧೂಳಿಗೆ ಈ ವಿಧಾನ ಬಹಳ ಹೊಂದುತ್ತದೆ.

ಬೀಕರ್:
ನಾನು ಮಾದರಿ ಸಿದ್ಧಪಡಿಸುವ ಕೆಲಸದಲ್ಲಿರುವವಳು. ಮೇಲೆ ಹೇಳಿದ ಎಲ್ಲದರ ಬುಡ ಅಲ್ಲಿದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಪದರಪುಟ ಅವರು ಕಣಗಾತ್ರ ಅಳೆಯುವ ಮುನ್ನ ಏನು ತೆಗೆದುಹಾಕಿದರು ಎಂಬುದನ್ನು ಹೇಳಿಲ್ಲ.

ಸರೋವರದ ಹೂಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಜೈವಿಕ ಪದಾರ್ಥ ನೊರೆಯಾಗಿ ಮೇಲೆದ್ದು ಬೀಕರಿನ ಬಾಯಿಯವರೆಗೂ ಬರುತ್ತದೆ. ಆ ನೊರೆ ಸಂಪೂರ್ಣ ನಿಲ್ಲುವವರೆಗೆ, ಬಣ್ಣ ತಿಳಿಯಾಗುವವರೆಗೆ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಲೇ ಇರಬೇಕು. ಬಳಿಕ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣವನ್ನು ಕರಗಿಸಬೇಕು. ಡಯಾಟಮ್ ಚಿಪ್ಪುಗಳನ್ನು ಬಿಸಿಯಾದ ಕ್ಷಾರದಲ್ಲಿ ಕರಗಿಸಬೇಕು. ಇದನ್ನು ಹಲವರು ಬಿಟ್ಟುಬಿಡುತ್ತಾರೆ. ಬಹಳಷ್ಟು ಡಯಾಟಮ್‌ಗಳ ಗಾತ್ರ 10ರಿಂದ 50 ಮೈಕ್ರಾನ್. ನಿಮ್ಮ 30ರಿಂದ 40 ಮೈಕ್ರಾನ್ ದಿಬ್ಬ ಡಯಾಟಮ್‌ಗಳದ್ದೇ ಆಗಿರಬಹುದಲ್ಲವೇ? ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಮಿಷಗಳಲ್ಲಿ ತಿಳಿಯುತ್ತದೆ. ಕ್ವಾರ್ಟ್ಸ್ ಕಣ ಮೂಲೆಗಳು ಮುರಿದ ಪಾರದರ್ಶಕ ಚೂರಾಗಿ ಕಾಣುತ್ತದೆ. ಡಯಾಟಮ್ ಸಾಲುಸಾಲು ರಂಧ್ರಗಳ ಸಮ್ಮಿತಿಯಿಂದ ತಾನೇ ಗುರುತು ಹೇಳುತ್ತದೆ.

ಕೊನೆಗೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಕಣಗಳನ್ನು ಬಿಡಿಸುವ ಹಂತ. ಇಲ್ಲಿಯೂ ಯೋಚಿಸಬೇಕು. ಜೇಡಿ ಹಲವು ಸಲ ಬಿಡಿಬಿಡಿಯಾಗಿ ಹಾರದೆ ರೇವೆಯ ಗಾತ್ರದ ಮುದ್ದೆಗಳಾಗಿ ಹಾರುತ್ತದೆ. ನಾವು ಅದನ್ನು ಪೂರ್ತಿ ಬಿಡಿಸಿ ಅಳೆದಾಗ ಗಾಳಿ ಹೊತ್ತ ಗಾತ್ರ ಕಳೆದುಹೋಗುತ್ತದೆ. ಸಾಧ್ಯವಿದ್ದರೆ ಅರ್ಧ ಮಾದರಿಯನ್ನು ಬಿಡಿಸದೆಯೂ ಅಳೆದು ಹೋಲಿಸಿ. ಕಣಗಳು ನೀರಿನಲ್ಲಿ ಇಳಿಯುವ ವೇಗದಿಂದ ಗಾತ್ರ ಅಳೆಯುವ ಹಳೆಯ ಪಿಪೆಟ್ ವಿಧಾನದ ದತ್ತಾಂಶದೊಂದಿಗೆ ಹೋಲಿಸುವಾಗ ಇನ್ನೊಂದು ಸಂಗತಿ ನೆನಪಿರಲಿ: ಜೇಡಿಯ ಕಣಗಳು ತಟ್ಟೆಯಾಕಾರದವು, ಲೇಸರ್ ಅವನ್ನು ದೊಡ್ಡದಾಗಿ ಕಾಣುತ್ತದೆ. ಪಿಪೆಟ್‌ನ 2 ಮೈಕ್ರಾನ್ ಗಡಿ ಲೇಸರ್‌ನಲ್ಲಿ ಸುಮಾರು 8 ಮೈಕ್ರಾನ್‌ಗೆ ಸಮ ಎಂದು 1997ರಲ್ಲೇ ತೋರಿಸಲಾಗಿದೆ.

ಪದರಪುಟ:
ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಬೀಕರ್ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ: ಪೆರಾಕ್ಸೈಡ್ ಮತ್ತು ಆಮ್ಲದ ಹಂತಗಳಾಗಿವೆ, ಕ್ಷಾರದ ಹಂತ ಆಗಿಲ್ಲ. ನಿನ್ನೆ ಹಳದಿ ಪದರದ ಒಂದು ಬಳಿತವನ್ನು ನೋಡಿದೆ. ಡಯಾಟಮ್‌ಗಳಿವೆ, ಆದರೆ ವಿರಳ. ದಪ್ಪ ಭಾಗದ ಬಹುಪಾಲು ಮೂಲೆ ಮುರಿದ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜ. ಮೂಲಶೋಧ ಅವರು ಕೇಳಿದ ಜಲಾನಯನದ ಶಿಲೆ ಸುಣ್ಣಕಲ್ಲು, ಒಂದು ಅಂಚಿನಲ್ಲಿ ಮಾತ್ರ ಮರಳುಗಲ್ಲು ಇದೆ. ಮರಳುಗಲ್ಲಿನ ಕಡೆಯಿಂದ ಒಂದು ಮಳೆಗಾಲದ ತೊರೆ ಸರೋವರಕ್ಕೆ ಸೇರುತ್ತದೆ.

ಕೋರ್‌ನ ಮೇಲ್ಭಾಗ ತೀರ ಇತ್ತೀಚಿನದು, ಕೆಲವೇ ಶತಮಾನಗಳದ್ದು. ಅಲ್ಲಿ ಇನ್ನೊಂದು ಚಿಕ್ಕ ಏರಿಕೆಯಿದೆ. ಅದನ್ನೂ ಹವಾಮಾನದ ಶುಷ್ಕತೆ ಎಂದೇ ಓದಬೇಕೇ?

ಆಳಗಡಲು:
ಅಲ್ಲಿ ಮನುಷ್ಯನನ್ನು ಮೊದಲು ಶಂಕಿಸಿ. ಅಮೆರಿಕದ ಕೊಲೊರಾಡೊ ರಾಜ್ಯದ ಸ್ಯಾನ್ ವಾನ್ ಪರ್ವತಗಳ ಸರೋವರಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮಕ್ಕೆ ವಲಸೆ ಮತ್ತು ಜಾನುವಾರು ಮೇಯಿಸುವಿಕೆ ಹೆಚ್ಚಿದ ನಂತರ ಧೂಳಿನ ದರ ಹಿಂದಿನ ಸಾವಿರಾರು ವರ್ಷಗಳ ಸರಾಸರಿಗಿಂತ ಶೇಕಡಾ 500ರಷ್ಟು ಏರಿತೆಂದು 2008ರ ಅಧ್ಯಯನ ತೋರಿಸಿತು. ಮಳೆ ಕಡಿಮೆಯಾಗದೆಯೇ ನೆಲದ ಗಟ್ಟಿ ಪೊರೆ ಗೊರಸುಗಳಿಗೆ ಸಿಕ್ಕಿ ಒಡೆದರೆ ಧೂಳು ಏಳುತ್ತದೆ. ಪರಾಗದ ಎಣಿಕೆಯಿಂದ ಮೇವಿನ ಮತ್ತು ಬೇಸಾಯದ ಗುರುತುಗಳು ಅದೇ ಮಟ್ಟದಲ್ಲಿ ಬರುತ್ತವೆಯೇ ನೋಡಿ.

ಮೂಲಶೋಧ:
ಸುಣ್ಣಕಲ್ಲಿನ ಜಲಾನಯನವೆಂದರೆ ನಿಮಗೆ ಒಳ್ಳೆಯ ಸ್ಥಳ ಸಿಕ್ಕಿದೆ. ಇಡೀ ಪ್ರಶ್ನೆ ಆ ಒಂದು ತೊರೆಗೆ ಬಂದು ನಿಂತಿದೆ. ತೊರೆಯ ಹಾಸಿನ ರೇವೆ, ಮರಳುಗಲ್ಲಿನ ಬುಡದ ಮಣ್ಣು, ಸರೋವರದ ಬತ್ತಿದ ಅಂಚಿನ ಹೆಪ್ಪು, ಗಾಳಿ ಬೀಸುವ ದಿಕ್ಕಿನ ಒಣನೆಲದ ಮೇಲ್ಮಣ್ಣು, ಜೊತೆಗೆ ಸುಣ್ಣಕಲ್ಲನ್ನು ಆಮ್ಲದಲ್ಲಿ ಕರಗಿಸಿದಾಗ ಉಳಿಯುವ ಶೇಷ, ಇವುಗಳನ್ನು ಸಂಗ್ರಹಿಸಿ ಎಲ್ಲವನ್ನೂ 20ರಿಂದ 63 ಮೈಕ್ರಾನ್ ವರ್ಗಕ್ಕೆ ಬೇರ್ಪಡಿಸಿ. ಹಳದಿ ಪದರದ ಅದೇ ವರ್ಗದೊಂದಿಗೆ ಮೊದಲು ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಅನುಪಾತವನ್ನು ಹೋಲಿಸಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ಹಳೆಯ, ಚೆನ್ನಾಗಿ ಸವೆದ ಮರಳುಗಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಸಾಮಾನ್ಯವಾಗಿ ಕಡಿಮೆ. ನಿಮ್ಮ ಪದರದಲ್ಲಿ ಅದು ಕಣ್ಣಿಗೆ ಕಾಣುವಷ್ಟಿದೆ ಎನ್ನುತ್ತೀರಿ. ತೊರೆಯ ರೇವೆಯಲ್ಲಿ ಅಷ್ಟಿಲ್ಲದಿದ್ದರೆ ತೊರೆ ಪಟ್ಟಿಯಿಂದ ಹೊರಗೆ. ಬತ್ತಿದ ಅಂಚೋ ದೂರದ ಒಣನೆಲವೋ ಎಂಬುದು ಅದರಿಂದಲೂ ತೀರ್ಮಾನವಾಗದಿದ್ದರೆ ಮಾತ್ರ ನಿಯೋಡಿಮಿಯಂ ಅಳತೆಗೆ ಮಾದರಿಗಳನ್ನು ಕಳಿಸಿ, ಅಲ್ಲಿಯವರೆಗೆ ಪ್ರತಿ ಮಾದರಿಯ ಅರ್ಧವನ್ನು ಆಮ್ಲ ತಾಗಿಸದೆ ಎತ್ತಿಡಿ.